ಯಂತ್ರದ ಬೆನ್ನಿನ ಹಸಿರು ದೀಪ

ಐಟಿಐನಲ್ಲಿ ಪಾಠ ಹೇಳುವ ಮೇಷ್ಟ್ರೊಬ್ಬರು ಹೋದ ತಿಂಗಳು ಸಕಲೇಶಪುರದ ನನ್ನ ಮನೆಗೆ ಬಂದಿದ್ದರು. "ನಮ್ ಮಕ್ಕಳಿಗೆ ನಿಮ್ ಅನುಭವ ಬರ್ದುಕೊಡಿ ಮೇಡಂ. ಈಗ ಹೆಣ್ಮಕ್ಕಳೂ ಈ ಕೆಲ್ಸಕ್ಕೆ ಬರ್ತಾವ್ರೆ," ಎಂದರು. ಬರೆಯುತ್ತೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ, ಯಾಕೆಂದರೆ ಬಡ್ತಿ ಸಿಗಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲ, ತಂತಿಯ ತುದಿಗೆ ಕ್ಲಿಪ್ ಒತ್ತುವ ಹೊಸ ಕ್ರಿಂಪಿಂಗ್ ಇಕ್ಕಳ ಸಿಕ್ಕಿತು. ಅದನ್ನೇ ಬಡ್ತಿ ಅಂದುಕೊಂಡು ಮನೆಗೆ ತಂದು ದೇವರ ಮುಂದೆ ಇಟ್ಟಿದ್ದೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ತೊಂಬತ್ತೆಂಟರ ಸುಮಾರಿಗೆ ನಮ್ಮ ಕಡೆಯ ಅನುಕೂಲಸ್ಥರ ಮನೆಗಳಿಗೆ ಒಂದೊಂದು ಕಂಪ್ಯೂಟರ್ ಬಂತು. ಮೂರು ನಾಲ್ಕು ವರ್ಷದಲ್ಲಿ ಕೆಲವರ ಮನೆಗೆ ಎರಡನೆಯದೂ ಬಂತು. ಎರಡು ಬಂದ ಮೇಲೆ ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಕಾಣಬೇಕು ಅನ್ನಿಸುವುದು ಸಹಜ. ಎರಡರ ನಡುವೆ ಒಂದು ತಂತಿ ಎಳೆದು, ಎರಡು ತುದಿಗೂ ಪ್ಲಾಸ್ಟಿಕ್ ಕ್ಲಿಪ್ ಒತ್ತಿ, ಅವು ಮಾತಾಡುವಂತೆ ಮಾಡುವುದು ನನ್ನ ಕೆಲಸ. ಮಾತು ನಿಂತಾಗ ಪರದೆಯ ಮೂಲೆಯಲ್ಲಿ 'ಲೋಕಲ್ ಏರಿಯಾ ಕನೆಕ್ಷನ್' ಅನ್ನುವ ಗುರುತಿನ ಮೇಲೆ ಕೆಂಪು ಗೀಟು ಬೀಳುತ್ತಿತ್ತು. ಆಗ ಅಂಗಡಿಗೆ ಫೋನ್ ಮಾಡುತ್ತಿದ್ದರು, ನಾನು ಬ್ಯಾಗ್ ಹಿಡಿದು ಬಸ್ ಹತ್ತುತ್ತಿದ್ದೆ.

ಅಂಗಡಿಯ ಯಜಮಾನರು ಪುಟ್ಟಸ್ವಾಮಪ್ಪ. ಅವರ ಕೈಕೆಳಗೆ ಹತ್ತು ವರ್ಷ ರೇಡಿಯೋ, ಟಿವಿ ಬಿಚ್ಚಿ ಕಟ್ಟಿದ್ದೆ. ಅವರಿಗೆ ಕಂಪ್ಯೂಟರ್ ಅಂದರೆ ಅಳುಕು. "ನಿಂಗೆ ಕಣ್ಣು ಚೆನ್ನಾಗೈತೆ ಜಯಮ್ಮ, ನೀನೇ ಕಲ್ತ್ಕೊಂಡ್ಬಾ," ಎಂದು ಹಾಸನಕ್ಕೆ ತರಬೇತಿಗೆ ಕಳಿಸಿದರು. ವಾಪಸ್ಸು ಬಂದಾಗ ಅವರು ಹೇಳಿದ್ದು ಒಂದೇ ಮಾತು: "ರೇಡಿಯೋ ಆದ್ರೂ ಅಷ್ಟೇ, ಇದಾದ್ರೂ ಅಷ್ಟೇ. ಮುಂದೆ ನೋಡೋಕ್ ಮುಂಚೆ ಹಿಂದೆ ನೋಡು."

ನಾನು ನೋಡಲಿಲ್ಲ. ನನ್ನ ಮೊದಲ ದೊಡ್ಡ ತಪ್ಪು ಅದೇ.

ಹೆತ್ತೂರಿನಿಂದಾಚೆ ಒಂದು ಎಸ್ಟೇಟ್ ಬಂಗಲೆ. ಆಯುಧಪೂಜೆ ಮುಗಿದು ಮೂರು ದಿನ ಆಗಿತ್ತು. ಬಾಗಿಲು ತೆಗೆದ ಯಜಮಾನ್ತಿ ನನ್ನನ್ನು ದಾಟಿ, ಬಸ್‌ಸ್ಟ್ಯಾಂಡಿಗೆ ತಾವೇ ಕಳಿಸಿದ್ದ ಜೀಪಿನೊಳಗೆ ಇಣುಕಿದರು.

"ಮೆಕ್ಯಾನಿಕ್ ಎಲ್ಲಿ?"

"ನಾನೇ ಅಮ್ಮ."

"ನೀವೇನಾ? ಜೊತೇಲಿ ಯಾರೂ ಬರ್ಲಿಲ್ವಾ?"

ಈ ಪ್ರಶ್ನೆಯನ್ನು ಹನ್ನೊಂದು ವರ್ಷ ಕೇಳಿಸಿಕೊಂಡೆ. ಜೊತೆಯಲ್ಲಿ ಯಾವತ್ತೂ ಯಾರೂ ಬರಲಿಲ್ಲ.

ಒಳಗೆ ಹೋಗಿ ಕೂತು, ಜಾಣ್ಮೆ ತೋರಿಸುವ ಆತುರದಲ್ಲಿ ಕಂಪ್ಯೂಟರಿನೊಳಗೆ ಇದ್ದದ್ದನ್ನೆಲ್ಲ ಒರೆಸಿ ಎಲ್ಲವನ್ನೂ ಹೊಸದಾಗಿ ತುಂಬಿಸಿದೆ. ಸಂಜೆಯಾದರೂ ಕೆಂಪು ಗೀಟು ಹೋಗಲಿಲ್ಲ. ಸೋತು ಯಂತ್ರವನ್ನು ತಿರುಗಿಸಿ ನೋಡಿದೆ. ತಂತಿ ಸಿಕ್ಕಿಸುವ ತೂತಿನೊಳಗೆ ಗಂಧ, ಕುಂಕುಮ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಹೋಳಿಗೆ ತಟ್ಟುವಷ್ಟೇ ಶ್ರದ್ಧೆಯಿಂದ ಮೆತ್ತಿದ್ದರು.

"ದಿನಾ ಅಲ್ಲೊಂದು ಹಸಿರು ದೀಪ ಉರೀತಿತ್ತಲ್ಲ, ಒಳ್ಳೇ ಜಾಗ ಅಂತ ತಂತಿ ಕಿತ್ತು ಅಲ್ಲಿಗೇ ಇಟ್ಬುಟ್ಟೆ," ಎಂದರು ಯಜಮಾನ್ತಿ.

ಅವರ ತಪ್ಪು ಹತ್ತು ನಿಮಿಷದಲ್ಲಿ ಹೋಯಿತು. ಹಳೆ ಹಲ್ಲುಜ್ಜುವ ಬ್ರಷ್, ಒಂದಿಷ್ಟು ಸ್ಪಿರಿಟ್, ಅಷ್ಟೇ. ನನ್ನ ತಪ್ಪು ಹೋಗಲಿಲ್ಲ. ಆ ಮನೆಯ ಯಜಮಾನರು ದಿನಾ ಬೆಳಿಗ್ಗೆ ಮಳೆ ಅಳೆದು ಅದನ್ನು ಕಂಪ್ಯೂಟರಿಗೆ ಹಾಕುತ್ತಿದ್ದರು. ಮೂರು ವರ್ಷದ ಮಳೆಯನ್ನು ನಾನು ಒರೆಸಿಹಾಕಿದ್ದೆ. ಅಳುತ್ತಾ ನಿಂತವಳಿಗೆ ಅವರು, "ಹೋದ್ ಮಳೆ ಹೋಯ್ತು ಬಿಡಮ್ಮ, ಬರೋ ವರ್ಷನೂ ಹುಯ್ತದೆ," ಎಂದು ಕಾಫಿ ಕೊಡಿಸಿದರು. ಆಮೇಲಿಂದ ಆಯುಧಪೂಜೆಯ ಮರುವಾರ ಯಾರೇ ಕರೆದರೂ ಬ್ರಷ್ ಮೊದಲು ಬ್ಯಾಗಿಗೆ ಹೋಗುತ್ತಿತ್ತು.

ಆ ಹಸಿರು ದೀಪವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ ಮಕ್ಕಳೇ. ತಂತಿಯ ತೂತಿನ ಪಕ್ಕದಲ್ಲಿ ಜೋಳದ ಕಾಳಿನಷ್ಟು ಇರುತ್ತದೆ. ಅದು ಉರಿಯಬೇಕಾದರೆ ತಂತಿ ನೆಟ್ಟಗಿರಬೇಕು, ಆ ತುದಿಯ ಯಂತ್ರವೂ ಎದ್ದಿರಬೇಕು. ದೀಪ ಇದೆ ಅಂದರೆ ಆ ಕಡೆ ಇನ್ನೊಂದು ಯಂತ್ರ ಇದೆ ಅಂತ. ಆಮೇಲೆ ಪಿಂಗ್ ಮಾಡಿ. ಪಿಂಗ್ ಅಂದರೆ ಹೆದರಬೇಡಿ, ತೋಟದಲ್ಲಿ ಒಬ್ಬರಿಗೊಬ್ಬರು ಕಾಣದಿದ್ದಾಗ 'ಕೂ' ಹಾಕುತ್ತೇವಲ್ಲ, ಅದೇ. ಆ ಕಡೆಯಿಂದ 'ಕೂ' ಬಂದರೆ ಸರಿ. ಬರದಿದ್ದರೆ ನಡುವೆ ಏನೋ ಆಗಿದೆ.

ಇನ್ನು ಗುಡುಗು. ಹೆತ್ತೂರು, ಯಸಳೂರು ಕಡೆ ಮೊದಲ ಗುಡುಗು ಕೇಳಿದ್ದೇ ತಡ ಮನೆಮಂದಿಯೆಲ್ಲ ಓಡಿಬಂದು ಕಂಪ್ಯೂಟರಿನ ತಂತಿಗಳನ್ನೆಲ್ಲ ಕಿತ್ತುಹಾಕುತ್ತಾರೆ. ಒಳ್ಳೆಯದೇ. ಆದರೆ ತಿರುಗಿ ಸಿಕ್ಕಿಸುವಾಗ ಇಂಟರ್ನೆಟ್ಟಿಗೆಂದು ಬಂದ ಫೋನಿನ ತಂತಿಯನ್ನು ನೆಟ್‌ವರ್ಕಿನ ತೂತಿಗೆ ತುರುಕಿಬಿಡುತ್ತಾರೆ, ಅಲ್ಲಿಗೆ ಆ ತೂತೂ ಕೆಡುತ್ತದೆ. ಅಶ್ವಿನಿ ಮಳೆಯಿಂದ ರೋಹಿಣಿವರೆಗೆ ನನಗೆ ಪುರುಸೊತ್ತೇ ಇರುತ್ತಿರಲಿಲ್ಲ.

ಯಸಳೂರಿನ ಅಣ್ಣತಮ್ಮಂದಿರದು ಬೇರೆಯೇ ಕಥೆ. ಒಂದೇ ಮನೆ, ನಡುವೆ ಗೋಡೆ. ಗೋಡೆಯ ಆಚೆಗೊಂದು ಈಚೆಗೊಂದು ಕಂಪ್ಯೂಟರ್. ಪ್ರತಿ ಯಂತ್ರಕ್ಕೂ ಒಂದು ವಿಳಾಸದ ಸಂಖ್ಯೆ ಕೊಡಬೇಕು, ಎರಡಕ್ಕೂ ಒಂದೇ ಕೊಟ್ಟರೆ ಜಗಳ ಬೀಳುತ್ತವೆ. ನಾನು ಅಣ್ಣನಿಗೆ ಒಂದು, ತಮ್ಮನಿಗೆ ಎರಡು ಕೊಟ್ಟು ಬಂದಿದ್ದೆ. ವಾರದೊಳಗೆ ಕರೆ ಬಂತು. ಹೋಗಿ ನೋಡಿದರೆ ತಮ್ಮನೂ ಒಂದು ಹಾಕಿಕೊಂಡು ಕೂತಿದ್ದಾನೆ.

"ನಾನ್ಯಾಕ್ರೀ ಎರಡನೇ ನಂಬರ್ ಆಗ್ಲಿ? ತೋಟದಲ್ಲಿ ಸಮಪಾಲು ಐತೆ, ಇದ್ರಲ್ಲಿ ಇಲ್ವಾ?"

"ನೋಡಮ್ಮ, ಹಿರಿಯ ನಾನು," ಎಂದು ಗೋಡೆಯ ಆಚೆಯಿಂದ ಅಣ್ಣ ಕೂಗಿದ.

ಒಂದನ್ನು ಮನೆದೇವರಿಗೆ ಬಿಟ್ಟುಬಿಡೋಣ ಎಂದೆ. ಇಬ್ಬರೂ ಒಪ್ಪಿದರು. ಅಣ್ಣನಿಗೆ ಹನ್ನೊಂದು, ತಮ್ಮನಿಗೆ ಇಪ್ಪತ್ತೊಂದು ಕೊಟ್ಟೆ. ತಾನು ಮೊದಲಿನವನು ಎಂದು ಅಣ್ಣ, ತನ್ನದು ದೊಡ್ಡದು ಎಂದು ತಮ್ಮ, ಇಬ್ಬರೂ ಖುಷಿಯಾಗಿದ್ದರು.

ಇಂಥವನ್ನೆಲ್ಲ ಹೇಳಿ ನಗಬಹುದು. ಆದರೆ ಆಗ ನಗುವುದಕ್ಕೆ ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ಅಪ್ಪನ ಆರೈಕೆಯಲ್ಲಿ ಮದುವೆಯ ವಯಸ್ಸು ಕಳೆದಿತ್ತು, ಅಪ್ಪನೂ ತೀರಿಕೊಂಡಿದ್ದರು. ಬೆಳಿಗ್ಗೆ ಬಸ್ಸಿನ ಕಿಟಕಿ, ಮಧ್ಯಾಹ್ನ ಯಾವುದೋ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬುತ್ತಿ, ಸಂಜೆ ರೂಮಿನ ಬೀಗ. ಮನೆಗಳಲ್ಲಿ ಕಾಫಿ ಕೊಡುತ್ತಿದ್ದರು, ಮಾತು ಮಾತ್ರ ಯಂತ್ರದ ಬಗ್ಗೆ. ಪರದೆಯ ಕೆಂಪು ಗೀಟು ಹೋದ ಗಳಿಗೆಯಲ್ಲಿ ನಾನೂ ಅವರ ಕಣ್ಣಿಂದ ಹೋಗಿಬಿಡುತ್ತಿದ್ದೆ. ನನಗೆ ತುಂಬ ಒಂಟಿ ಅನ್ನಿಸುತ್ತಿತ್ತು. ಮುಂದೆ ಹೇಳುವುದಕ್ಕೆ ಇದು ಕಾರಣ, ಆದರೆ ಸಮರ್ಥನೆಯಲ್ಲ.

ಆಲೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಮಂಜಪ್ಪ ಅನ್ನುವವರ ಪ್ರಿಂಟಿಂಗ್ ಪ್ರೆಸ್. ಕೆಳಗೆ ಪ್ರೆಸ್, ಮೇಲೆ ಮನೆ. ಮೇಲೆ ಅವರ ಅಕ್ಕ ಸುಶೀಲ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವಳ ಎರಡೂ ಕಾಲು ಹೋಗಿದ್ದವು. ಕಬ್ಬಿಣದ ಮೆಟ್ಟಿಲು ತೀರ ಕಡಿದಾಗಿತ್ತು, ವರ್ಷಕ್ಕೆರಡು ಸಲ ತಮ್ಮ ಎತ್ತಿಕೊಂಡು ಇಳಿಸಿದರೆ ಉಂಟು. ಚಾಪೆಯ ಮೇಲೆ ಮಣೆ, ಮಣೆಯ ಮೇಲೆ ಕಂಪ್ಯೂಟರ್. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ ಕಾರ್ಡು, ಕರಪತ್ರ, ಆಲೂರಿನಲ್ಲಿ ಅಚ್ಚಾಗುವುದನ್ನೆಲ್ಲ ಅವಳೇ ಟೈಪ್ ಮಾಡಿ ಕೂರಿಸುತ್ತಿದ್ದಳು. ಅವಳಷ್ಟು ಬೇಗ ಕನ್ನಡ ಟೈಪ್ ಮಾಡುವವರನ್ನು ನಾನು ನೋಡಿಲ್ಲ.

ಮೊದಲು ಆ ಕೆಲಸ ಕೆಳಗಿಳಿಯುತ್ತಿದ್ದದ್ದು ಹಾಲಿನಪುಡಿ ಡಬ್ಬಿಯಲ್ಲಿ. ಫ್ಲಾಪಿಯನ್ನು ಡಬ್ಬಿಗೆ ಹಾಕಿ ಹಗ್ಗ ಕಟ್ಟಿ ಕಿಟಕಿಯಿಂದ ಇಳಿಬಿಡುತ್ತಿದ್ದಳು. ಕೆಳಗಿನವರಿಗೆ ಗೊತ್ತಾಗಲಿ ಎಂದು ಡಬ್ಬಿಗೊಂದು ಗೆಜ್ಜೆ. ಮಳೆಗಾಲದಲ್ಲಿ ಫ್ಲಾಪಿಗಳು ನೆನೆದು ಕೆಟ್ಟ ಮೇಲೆ ಮಂಜಪ್ಪ ಎರಡು ಹೊಸ ಕಂಪ್ಯೂಟರ್ ತಂದರು. ಅವಕ್ಕೆ ಫ್ಲಾಪಿ ಹಾಕುವ ಬಾಯಿಯೇ ಇರಲಿಲ್ಲ, ಪೆನ್ ಡ್ರೈವ್ ಇನ್ನೂ ಆಲೂರಿಗೆ ಬಂದಿರಲಿಲ್ಲ. ಮೇಲಿಂದ ಕೆಳಗೆ ತಂತಿ ಎಳೆಯಲು ನಾನು ಹೋದೆ.

"ಇನ್ನು ನನ್ ಗೆಜ್ಜೆ ಸದ್ದು ಕೇಳ್ಸಲ್ಲ," ಎಂದಳು ಸುಶೀಲ. ಆಮೇಲೆ, "ಊಟ ಆಯ್ತಾ ಜಯಕ್ಕ?" ಎಂದು ಕೇಳಿದಳು.

ಕೆಲಸಕ್ಕೆ ಹೋದ ಮನೆಯಲ್ಲಿ ಅದನ್ನು ಕೇಳಿದ ಮೊದಲನೆಯವಳು ಅವಳೇ. ಬುತ್ತಿ ಬಿಚ್ಚಲು ಬಿಡದೆ ಅಕ್ಕಿರೊಟ್ಟಿ ಕಾಯಿಚಟ್ನಿ ಕೊಟ್ಟಳು. ತಿನ್ನುವಾಗ ಅವತ್ತಿನ ಲಗ್ನಪತ್ರಿಕೆ ಓದಿ ಹೇಳಿದಳು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ನಲವತ್ತು ಹೆಸರು.

"ಇಷ್ಟ್ ಜನ ಬಯಸ್ತಾ ನಿಂತ್ರೆ, ಬರೋರು ಯಾರು ಮಾರಾಯ್ತಿ?"

ಬಾಯಲ್ಲಿದ್ದ ರೊಟ್ಟಿ ಹೊರಗೆ ಬರುವಂತೆ ನಕ್ಕೆ. ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ.

ಎರಡು ತಿಂಗಳಿಗೆ ತಂತಿ ಕೆಟ್ಟಿತು. ಕ್ಲಿಪ್ಪಿಗೆ ಒಂದು ಪುಟ್ಟ ನಾಲಿಗೆ ಇರುತ್ತದೆ, ತೂತಿನಲ್ಲಿ 'ಟಕ್' ಎಂದು ಹಿಡಿದುಕೊಳ್ಳುವುದು ಅದೇ. ಅದು ಮುರಿದಿತ್ತು. ನಾಲಿಗೆ ಇಲ್ಲದ ಕ್ಲಿಪ್ ತಳ್ಳಿದರೆ ಕೂರುತ್ತದೆ, ದೀಪವೂ ಉರಿಯುತ್ತದೆ, ಆದರೆ ಕಸ ಗುಡಿಸುವಾಗ ನಾಲ್ಕು ಸಲ ತಾಗಿದರೆ ಸಡಿಲವಾಗುತ್ತದೆ, ಗೊತ್ತಿಲ್ಲದವರ ಕಣ್ಣಿಗೆ ಸರಿಯಾಗಿ ಕೂತಂತೆಯೇ ಕಾಣುತ್ತದೆ. ನನ್ನ ಬ್ಯಾಗಿನಲ್ಲಿ ಹೊಸ ಕ್ಲಿಪ್ಪುಗಳ ಡಬ್ಬಿ ಇತ್ತು. ಕೈ ಹಾಕಿದೆ, ವಾಪಸ್ಸು ತೆಗೆದೆ. ಮುರಿದದ್ದನ್ನೇ ಒತ್ತಿ ಕೂರಿಸಿ, "ಸರಿಯಾಯ್ತು," ಎಂದೆ.

ಒಂದು ತಿಂಗಳಿಗೆ ಕರೆದರು. ಹೋದೆ, ರೊಟ್ಟಿ ತಿಂದೆ, ನಕ್ಕೆ, ಅದನ್ನೇ ಮತ್ತೆ ಒತ್ತಿ ಬಂದೆ. ಹಾಗೆ ನಾಲ್ಕು ಸಲ.

ಸುಶೀಲಳ ಕಡೆಯಿಂದ ಇದು ಹೇಗೆ ಕಾಣುತ್ತದೆ ಎಂದು ನಾನು ಯೋಚಿಸಲಿಲ್ಲ. ಆ ತಂತಿ ಅವಳಿಗೆ ಮೆಟ್ಟಿಲಿನ ಬದಲು ಇದ್ದದ್ದು. ಅದು ಇದ್ದರೆ ಅವಳು ಆ ಪ್ರೆಸ್ಸಿನ ಅರ್ಧ, ಇಲ್ಲದಿದ್ದರೆ ತಮ್ಮನ ಮನೆಯ ಮೂಲೆಯಲ್ಲಿ ಕೂತ ಅಕ್ಕ.

ಆ ವರ್ಷದ ಆಷಾಢದಲ್ಲಿ ಹೆತ್ತೂರಿನ ಕಡೆ ಹೋಗಿದ್ದೆ. ಗಾಳಿಮಳೆಗೆ ದಾರಿಯುದ್ದಕ್ಕೂ ಮರ ಬಿದ್ದು, ಬಸ್ ನಿಂತು, ನಾಲ್ಕು ದಿನ ಅಲ್ಲೇ ಸಿಕ್ಕಿಕೊಂಡೆ. ಅಂಗಡಿಯಲ್ಲಿ ತಂತಿಯ ಕೆಲಸ ಬಲ್ಲವಳು ಆಗಿನ್ನೂ ನಾನೊಬ್ಬಳೇ. ಐದನೆಯ ದಿನ ಸಕಲೇಶಪುರಕ್ಕೆ ಬಂದರೆ ಪುಟ್ಟಸ್ವಾಮಪ್ಪನವರು, "ಆಲೂರಿನೋರು ದಿನಾ ಫೋನ್ ಮಾಡವ್ರೆ, ಮೊದ್ಲು ಅಲ್ಲಿಗೋಗು," ಎಂದರು.

ಪ್ರೆಸ್ಸಿನ ಬಾಗಿಲಲ್ಲೇ ಮಂಜಪ್ಪ ಸಿಕ್ಕರು. ಶ್ರಾವಣದ ಮೊದಲ ಲಗ್ನದ ಪತ್ರಿಕೆ ಮೇಲೆ ಸಿದ್ಧವಾಗಿ ಕೂತಿದ್ದರೂ ಕೆಳಗೆ ಬರದೆ, ಕೊನೆಗೆ ಹಾಸನಕ್ಕೆ ಹೋಗಿ ಬೇರೆಯವರಿಂದ ಟೈಪ್ ಮಾಡಿಸಿ ತಂದಿದ್ದರು.

"ಯಾಕ್ ಜಯಕ್ಕ ಇದು ಪದೇ ಪದೇ ಹಿಂಗಾಗ್ತದೆ?"

"ಇಲಿ ಇರ್ಬೇಕು ಮಂಜಣ್ಣ," ಎಂದೆ. ನಾಲಿಗೆ ತಾನಾಗಿಯೇ ಹೊರಳಿತು.

"ಅದಕ್ಕೇಯ ತೀರ್ಮಾನ ಮಾಡ್ಬುಟ್ಟೆ. ಇಲೀನ ನನ್ ಕೈಲಿ ನಿಲ್ಸಕ್ಕಾಗಲ್ಲ. ಸೋಮವಾರದಿಂದ ಕೆಳಗೇ ಒಬ್ರು ಟೈಪ್ ಮಾಡೋರ್ನ ಕೂರಿಸ್ತೀನಿ. ಮಾತಾಡಾಯ್ತು. ಅಕ್ಕಂಗೆ ನೋವಾಗ್ತದೆ, ಗೊತ್ತು. ಏನ್ ಮಾಡ್ಲಿ ಹೇಳಿ, ನಾಲ್ಕ್ ದಿನದಿಂದ ಅನ್ನ ಬುಟ್ಟು ಕೂತವ್ಳೆ."

ಮೇಲೆ ಹೋದೆ. ಸುಶೀಲ ಗೋಡೆಗೆ ಒರಗಿದ್ದಳು. ಪರದೆಗೆ ಬಟ್ಟೆ ಹೊದಿಸಿತ್ತು. ಕಿಟಕಿಯ ಸರಳಿಗೆ ಹಳೆಯ ಹಾಲಿನಪುಡಿ ಡಬ್ಬಿಯನ್ನು ಮತ್ತೆ ಹಗ್ಗ ಹಾಕಿ ಕಟ್ಟಿದ್ದಳು. ಅದಕ್ಕೆ ಹಾಕಲು ಏನೂ ಇರಲಿಲ್ಲ, ಆದರೂ ಕಟ್ಟಿದ್ದಳು. "ಹೆಂಗಾರ ಮಾಡಿ ಇವತ್ತೊಂದ್ ದಿನ ಸರಿ ಮಾಡ್ಕೊಡಿ ಜಯಕ್ಕ. ನಾನ್ ಅವ್ನ ಕೈಕಾಲು ಹಿಡ್ಕೋತೀನಿ," ಎಂದಳು.

ಹೊಸ ಕ್ಲಿಪ್ ಒತ್ತಲು ನನಗೆ ಮೂರು ನಿಮಿಷವೂ ಬೇಕಾಗಲಿಲ್ಲ. 'ಟಕ್' ಎಂದಿತು, ದೀಪ ಹತ್ತಿತು. ನಾಲ್ಕು ತಿಂಗಳ ಹಿಂದೆಯೇ ಕೇಳಿಸಬೇಕಿದ್ದ ಸದ್ದು. ಮೆಟ್ಟಿಲಿನ ಹತ್ತಿರ ಹೋಗಿ ಮಂಜಪ್ಪನವರನ್ನು ಕರೆದೆ. ಅವರು ಬಂದ ಮೇಲೆ ಮುರಿದ ಕ್ಲಿಪ್ಪನ್ನು ಅಂಗೈಯಲ್ಲಿ ಹಿಡಿದು ತೋರಿಸಿದೆ.

"ಇಲಿ ಅಲ್ಲ ಮಂಜಣ್ಣ. ನಾನೇ. ಇದು ಮುರಿದಿದ್ದು ಗೊತ್ತಿದ್ರೂ ಬದ್ಲಾಯಿಸ್ಲಿಲ್ಲ. ನೀವು ಮತ್ತೆ ಕರೀಲಿ ಅಂತ."

"ಕರೀಲಿ ಅಂತ? ಯಾಕೆ?"

ಸುಶೀಲಳ ಕಡೆ ನೋಡಿದೆ. ಮಂಜಪ್ಪನವರೂ ನನ್ನ ನೋಟ ಹಿಡಿದು ಅಕ್ಕನ ಕಡೆ ತಿರುಗಿದರು.

"ನಮ್ಮಕ್ಕನ ಬದುಕಿನ್ ಮೇಲೆ ಆಟ ಆಡಿದ್ರೇನ್ರೀ? ಆ ಟೈಪ್ ಮಾಡೋರಿಗೆ ಈಗ ಬರ್ಬೇಡಿ ಅನ್ಬೇಕು ನಾನು. ನೀವೂ ಇನ್ಮೇಲೆ ಈ ಮೆಟ್ಲು ಹತ್ಬೇಡಿ," ಎಂದು ಇಳಿದುಹೋದರು.

ಸುಶೀಲ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಸುಮ್ನೆ ಬರ್ಬೋದಿತ್ತಲ್ಲ ಜಯಕ್ಕ," ಎಂದಳು. "ಊಟಕ್ಕೆ ಬಂದೆ ಅಂದಿದ್ರೆ ನಾನ್ ಬ್ಯಾಡ ಅಂತಿದ್ನಾ?"

ಅದು ನನಗೆ ಹೊಳೆದೇ ಇರಲಿಲ್ಲ. ಕೆಲಸವಿಲ್ಲದೆ ಒಬ್ಬರ ಮನೆಗೆ ಹೋಗಬಹುದು ಅನ್ನುವುದನ್ನೇ ಮರೆತಿದ್ದೆ.

ಅವತ್ತೇ ಪುಟ್ಟಸ್ವಾಮಪ್ಪನವರಿಗೂ ಹೇಳಿದೆ. ಅವರು ನನ್ನ ಬ್ಯಾಗನ್ನು ಮೇಜಿನ ಮೇಲೆ ಸುರಿದು, ಮುರಿದ, ಹಳೆಯ ಕ್ಲಿಪ್ಪುಗಳನ್ನೆಲ್ಲ ಒಂದೊಂದೇ ಆರಿಸಿ ಕಸದ ಬುಟ್ಟಿಗೆ ಹಾಕಿದರು. ಕೆಲಸದಿಂದ ತೆಗೆಯಲಿಲ್ಲ. ಆಲೂರಿನ ಕೆಲಸವನ್ನು, ಆಮೇಲೆ ಸೇರಿದ ಇನ್ನೊಬ್ಬ ಮೆಕ್ಯಾನಿಕ್‌ಗೆ ಕೊಟ್ಟರು. ಆ ತಂತಿಗೆ ಯಾರೂ ಹೋಗುವ ಅಗತ್ಯವೇ ಬೀಳಲಿಲ್ಲ. ನಾನು ಚೆನ್ನಾಗಿ ಮಾಡಿದ ಕೆಲಸ ಅದೊಂದು, ಅದಕ್ಕೇ ನನ್ನನ್ನು ಯಾರೂ ಕರೆಯಲಿಲ್ಲ.

ಸಾಮಾನು ತರಲು ವಾರಕ್ಕೊಮ್ಮೆ ಹಾಸನಕ್ಕೆ ಹೋಗುತ್ತಿದ್ದೆ. ಬಸ್ಸು ಆಲೂರಿನಲ್ಲಿ ಹತ್ತು ನಿಮಿಷ ನಿಲ್ಲುತ್ತಿತ್ತು. ಪ್ರೆಸ್ಸಿನ ಕೆಳಗಿನ ಕಂಪ್ಯೂಟರಿನ ಬೆನ್ನು ರಸ್ತೆಯ ಕಡೆಗಿತ್ತು, ನಾನೇ ಹಾಗೆ ಇಟ್ಟಿದ್ದೆ. ಇಳಿದು ಹೋಗಿ ಎದುರಿನ ಬೀಡಾ ಅಂಗಡಿಯ ಹತ್ತಿರ ನಿಂತು ನೋಡುತ್ತಿದ್ದೆ. ಹಸಿರು ದೀಪ ಉರಿಯುತ್ತಿತ್ತು. ಮೇಲೆ ಸುಶೀಲಳ ಯಂತ್ರ ಎದ್ದಿದೆ, ಸುಶೀಲ ಕೂತಿದ್ದಾಳೆ. ಅಷ್ಟು ತಿಳಿದುಕೊಂಡು ಬಸ್ಸಿಗೆ ವಾಪಸ್ಸು ಓಡುತ್ತಿದ್ದೆ. ಮಂಜಪ್ಪ ಎರಡು ಮೂರು ಸಲ ನನ್ನನ್ನು ಕಂಡದ್ದುಂಟು. ಕಂಡು ಮತ್ತೆ ತಮ್ಮ ಕೆಲಸಕ್ಕೆ ತಿರುಗುತ್ತಿದ್ದರು. ಹೀಗೆ ಐದು ವರ್ಷ.

ಅಷ್ಟರಲ್ಲಿ ಕೆಲಸವೂ ಬದಲಾಯಿತು. ತಂತಿಯಿಲ್ಲದೆ ಮಾತಾಡುವ ಪೆಟ್ಟಿಗೆಗಳು ಬಂದವು. ಫೋನಿನಲ್ಲೇ 'ಅದನ್ನು ಆರಿಸಿ, ಇದನ್ನು ಒತ್ತಿ' ಎಂದು ಹೇಳಿ ಮುಗಿಸುವುದು ಬಂತು. ನೀವು ಯಾರ ಮನೆಯನ್ನೂ ನೋಡದೆ ಈ ಕೆಲಸ ಮಾಡಬಹುದು. ಅದು ಒಳ್ಳೆಯದೋ ಕೆಟ್ಟದ್ದೋ ನೀವೇ ಹೇಳಬೇಕು.

ನನ್ನ ಕೆಲಸದ ಕೊನೆಯ ವಾರ, ಅಶ್ವಿನಿ ಮಳೆಯ ಕಾಲ. ಹಾಸನದಿಂದ ಬರುತ್ತಾ ಆಲೂರಿನಲ್ಲಿ ಇಳಿದೆ. ಮಧ್ಯಾಹ್ನವೇ ಮೋಡ ಕವಿದಿತ್ತು. ಬೀಡಾ ಅಂಗಡಿಯ ಹತ್ತಿರ ನಿಂತು ನೋಡಿದರೆ ದೀಪ ಇಲ್ಲ. ಪ್ರೆಸ್ಸಿನಲ್ಲಿ ಬಲ್ಬು ಉರಿಯುತ್ತಿದೆ, ಅಚ್ಚಿನ ಯಂತ್ರ ಓಡುತ್ತಿದೆ, ಕಂಪ್ಯೂಟರಿನ ಪರದೆಯ ಬೆಳಕೂ ಗೋಡೆಗೆ ಬಿದ್ದಿದೆ. ಹಸಿರು ದೀಪ ಮಾತ್ರ ಇಲ್ಲ. ಐದು ವರ್ಷದಲ್ಲಿ ಮೊದಲ ಸಲ. ಬಸ್ಸು ಹಾರನ್ ಹಾಕುತ್ತಿತ್ತು. ಆ ಕಡೆ ಅವಳಿಲ್ಲ ಅನ್ನುವುದೊಂದೇ ನನ್ನ ತಲೆಯಲ್ಲಿ. ಹತ್ತಬೇಡ ಎಂದಿದ್ದ ಮೆಟ್ಟಿಲನ್ನು ಹೇಗೆ ಹತ್ತಿದೆನೋ ಗೊತ್ತಿಲ್ಲ.

ಸುಶೀಲ ಚಾಪೆಯ ಮೇಲೆ ಕೂತು ಅವರೆಕಾಳು ಆರಿಸುತ್ತಿದ್ದಳು. ತಲೆ ಅಲ್ಲಲ್ಲಿ ಬೆಳ್ಳಗಾಗಿತ್ತು. ಯಂತ್ರದ ತಂತಿಗಳೆಲ್ಲ ಕಿತ್ತು ಪಕ್ಕದಲ್ಲಿ ಬಿದ್ದಿದ್ದವು.

"ಯಾರು, ಜಯಕ್ಕನಾ?"

"ದೀಪ... ಕೆಳಗೆ ದೀಪ ಇರ್ಲಿಲ್ಲ," ಎಂದೆ. ಏದುಸಿರು ಬರುತ್ತಿತ್ತು.

"ಗುಡುಗ್ತಲ್ಲ, ಕಿತ್ತಾಕ್ದೆ. ನೀವೇ ಹೇಳ್ಕೊಟ್ಟಿದ್ದು." ನನ್ನ ಹೆಗಲಿನ ಬ್ಯಾಗನ್ನು ನೋಡಿದಳು. "ಏನೂ ಕೆಟ್ಟಿಲ್ಲ ಜಯಕ್ಕ. ಮಂಜ ಏನಾರ ಕರೆಸಿದ್ನಾ?"

"ಇಲ್ಲ."

"ಮತ್ತೆ?"

ಬ್ಯಾಗನ್ನು ಬಾಗಿಲ ಹೊರಗೆ ಇಟ್ಟೆ.

"ಸುಮ್ನೆ ಬಂದೆ," ಎಂದೆ.

ಅವಳು ಅವರೆಕಾಳಿನ ಮೊರವನ್ನು ನನ್ನ ಕಡೆಗೆ ಸರಿಸಿ ಚಾಪೆಯಲ್ಲಿ ಜಾಗ ಮಾಡಿದಳು. ಮೋಡ ಇನ್ನೂ ಕರಗಿರಲಿಲ್ಲ, ತಂತಿ ಸಿಕ್ಕಿಸುವಂತಿರಲಿಲ್ಲ. ಕೆಳಗೆ ನನ್ನ ಬಸ್ಸು ಹೊರಟುಹೋದ ಸದ್ದು ಕೇಳಿಸಿತು.